ಸವೆದುಹೋಗುವ ಮೊದಲು

ಹಳೆಯ ವೀಡಿಯೊಗಳು ಸಾಬೂನಿನ ಹಾಗೆ, ನೋಡಿದಷ್ಟೂ ಸವೆಯುತ್ತವೆ. ಅದು ಗೊತ್ತಿದ್ದೂ ಐರಿನ್ ಆ ತುಣುಕನ್ನು ಗೆಳೆಯರಿಗೆಂದು ಹಂಚಿಕೊಂಡಳು. ಅಂತರ್ಜಾಲದಲ್ಲಿ ಏನನ್ನೋ ಹುಡುಕುವಾಗ ಸಿಕ್ಕಿದ್ದು: ಕೋಲಾರದ ಚಿನ್ನದ ಗಣಿಯ ಕ್ಲಬ್ಬು, ಜಾಝ್ ತಂಡ, ಮೈಕಿನ ಮುಂದೆ ಹಾಡುತ್ತಿರುವ ಅಮ್ಮ. ತೀರಿಹೋದ ಅಮ್ಮನ ಬೇರೊಂದು ಚಿತ್ರ ಎಲ್ಲೂ ಉಳಿದಿರಲಿಲ್ಲ.

ಮಧ್ಯಾಹ್ನದೊಳಗೆ ಅದನ್ನು ಲಕ್ಷ ಜನ ನೋಡಿಬಿಟ್ಟಿದ್ದರು.

ಅಳಿಸಿ ಪ್ರಯೋಜನವಿರಲಿಲ್ಲ, ಒಂದು ಪ್ರತಿ ಸವೆದರೆ ಎಲ್ಲ ಪ್ರತಿಗಳೂ ಸವೆಯುತ್ತಿದ್ದವು. ಅಮ್ಮ ಅದರಲ್ಲಿ ಇನ್ನೂ ಇದ್ದಾಳೋ ಎಂದು ನೋಡಲೂ ಭಯ. ನೋಡಿದರೆ ಮತ್ತಷ್ಟು ಸವೆದೀತು. ಐರಿನ್ ಅಪ್ಪನ ಕೋಣೆಗೆ ಓಡಿದಳು. ಅಂದು ಆ ತಂಡದಲ್ಲಿ ಪಿಯಾನೊ ನುಡಿಸಿದವರು ಅವರೇ.

"ಪಪ್ಪಾ, ನಿಮಗೆ ಮೊದಲು ತೋರಿಸಬೇಕಿತ್ತು."

"ಅಳಬೇಡಮ್ಮ. ಹಾಕು, ಇಬ್ರೂ ಒಟ್ಟಿಗೇ ನೋಡೋಣ."

ಡ್ರಮ್ಮಿನವನು ಮಾಯವಾಗಿದ್ದ. ಸ್ಯಾಕ್ಸೊಫೋನ್ ಗಾಳಿಯಲ್ಲಿ ಒಂಟಿಯಾಗಿ ತೇಲುತ್ತಿತ್ತು. ಅಮ್ಮನಿದ್ದ ಜಾಗದಲ್ಲಿ ಬರೀ ಬಿಳಿ ಮಂಜು, ಅದರೊಳಗೊಂದು ಸಣ್ಣ ದನಿ. ಐರಿನ್ ಅಪ್ಪನ ತೋಳನ್ನು ಬಿಗಿಯಾಗಿ ಹಿಡಿದಳು.

"ಈಗ ಸಾಲು ಮರೀತಾಳೆ ನೋಡು," ಎಂದರು ಅಪ್ಪ. "ಮರೆತು ನನ್ನ ಕಡೆ ತಿರುಗಿ ನಗ್ತಾಳೆ."

ಹಾಡು ತಡವರಿಸಿ ನಿಂತಿತು. ಮಂಜಿನೊಳಗಿಂದ ಅಮ್ಮ ನಕ್ಕಿದ್ದು ಇಬ್ಬರಿಗೂ ಕೇಳಿಸಿತು. ಆಮೇಲೆ ಪರದೆ ಪೂರ್ತಿ ಬೆಳ್ಳಗಾಯಿತು.