ಕೆಂಪಜ್ಜಿಯ ಮನೆಯ ಕೆಂಡ

ಬೆಂಕಿಕಡ್ಡಿ ಗೀರಿದಾಗ ಏಳುವ ಗಂಧಕದ ವಾಸನೆಗೆ ಈಗಲೂ ನನಗೆ ಆ ಮಧ್ಯಾಹ್ನವೇ ನೆನಪಾಗುತ್ತದೆ.

ಗಾವಡಗೆರೆಯ ನಮ್ಮ ಬೀದಿಯಲ್ಲಿ ಒಲೆ ಹಚ್ಚಲು ಪಕ್ಕದ ಮನೆಯಿಂದ ಬೆರಣಿಯ ಮೇಲೆ ಕೆಂಡ ತರುವುದು ರೂಢಿ. ನಮ್ಮ ಪಕ್ಕದಲ್ಲಿ ಕೆಂಪಜ್ಜಿ ಒಬ್ಬಳೇ ಇದ್ದಳು. ಅಪ್ಪ ಹುಣಸೂರು ಸಂತೆಯಿಂದ ಬೆಂಕಿಪೊಟ್ಟಣ ತಂದ ಮೇಲೂ ಅವ್ವ ಅದನ್ನು ಮುಟ್ಟಲಿಲ್ಲ. ಅಂದು ಕಳೆ ಕಿತ್ತು ದಣಿದು ಬಂದವಳು ಕಂಬಕ್ಕೊರಗಿ, "ಕೆಂಪಜ್ಜಿ ತವ ಕೆಂಡ ಇಸ್ಕೊಂಡ್ ಬಾ ಮಗ" ಅಂದಳು. ಬಿಸಿಲಿಗೆ ಬೇಸತ್ತು ನಾನು ಹಿತ್ತಿಲಲ್ಲೇ ಕಡ್ಡಿ ಗೀರಿ, ಬೆರಣಿ ಹೊತ್ತಿಸಿ ತಂದೆ.

ಒಲೆ ಊದುತ್ತಾ ಅವ್ವ ಕೇಳಿದಳು: "ಅಜ್ಜಿ ಏನಂದ್ಲು?"

"ಏನೂ ಅನ್ನಲಿಲ್ಲ."

"ಏನೂ ಅನ್ನದೆ ಕಳ್ಸೋ ಮುದುಕೀನಾ ಅವ್ಳು?" ಅವ್ವ ನನ್ನ ಬೆರಳು ಮೂಸಿದಳು. "ಬೆಂಕಿ ನಮ್ಮನೇಲೂ ಐತೆ ಕಣವ್ವ. ಅವ್ಳು ಇವತ್ತು ಒಲೆ ಹಚ್ಚವ್ಳಾ ಅಂತ ನೋಡಕ್ಕೆ ನಿನ್ನ ಕಳ್ಸಿದ್ದು."

ಸೊಂಟ ಹಿಡಿದುಕೊಂಡು ಎದ್ದಳು. ನಾನು ತಂದ ಬೆರಣಿಯನ್ನೇ ಒಲೆಯಿಂದೆತ್ತಿಕೊಂಡು ಅಜ್ಜಿಯ ಮನೆಗೆ ನಡೆದಳು.

ಸ್ವಲ್ಪ ಹೊತ್ತಿಗೆ ಆ ಸೂರಿನಿಂದ ಹೊಗೆ ಎದ್ದಿತು. ಗೋಡೆಯಾಚೆ ಇಬ್ಬರೂ ನಗುವುದು ಕೇಳಿಸಿತು. ಆರಿದ ಒಲೆಯ ಮುಂದೆ ನಾನೊಬ್ಬಳೇ ಕೂತಿದ್ದೆ, ಲಂಗದ ಮಡಿಲಲ್ಲಿ ಬೆಂಕಿಪೊಟ್ಟಣ ಬಚ್ಚಿಟ್ಟುಕೊಂಡು.