ಬೆಳ್ಳಗಾದ ಮೀಸೆ

"ಮೀಸಿ ಒಂಚೂರು ಬೆಳ್ಳಗ ಮಾಡವಾ," ಎಂದು ಸಾವಿತ್ರವ್ವ ಮೊಮ್ಮಗಳು ಪಲ್ಲವಿಯ ಲ್ಯಾಪ್‌ಟಾಪಿಗೆ ಮೂಗು ತಾಗಿಸಿದಳು. ಹರೆಯದಲ್ಲೇ ತೀರಿಕೊಂಡ ಗಂಡನ ಜೊತೆ ಅವಳದೊಂದು ಫೋಟೊ ಇರಲಿಲ್ಲ. ಪಲ್ಲವಿ ಅವನ ಹಳೇ ಫೋಟೊಕ್ಕೆ ಅವಳ ಈಗಿನ ಫೋಟೊ ಜೋಡಿಸಿ ತೋರಿಸಿದರೆ, "ಮಗನ ಬಾಜೂಕ ಕುಂತಂಗ ಕಾಣ್ತೈತಿ, ಮುದುಕನ್ನ ಮಾಡು" ಎಂದು ಹಟ ಹಿಡಿದಿದ್ದಳು.

ಪುಕ್ಕಟೆ ಸಾಫ್ಟ್‌ವೇರ್ ಇಳಿಸಿಕೊಂಡು ಒಂದು ದಿನವೂ ಕಳೆಯದ ಪಲ್ಲವಿಗೆ, ಇಡೀ ಸಿಂದಗಿ ತಾಲ್ಲೂಕಿನಲ್ಲಿ ತನ್ನಂಥ ಚಿತ್ರಗಾರ್ತಿ ಇಲ್ಲವೆಂಬ ಗತ್ತು. ಮೊದಲ ಏಟಿಗೆ ಬಿಳಿ ಬಣ್ಣ ಅಜ್ಜನ, ಅವಳ ಬಾಯಲ್ಲಿ ಮುತ್ಯಾನ, ಮೂಗಿಗೆ ಮೆತ್ತಿತು. ಅಳಿಸಿ ಮತ್ತೆ ಬ್ರಷ್ ಆಡಿಸಿದಳು. ಮೀಸೆ ಅರಳಿದ ಹತ್ತಿಯಾಯಿತು. ಹಣೆಯಲ್ಲಿ ತಮ್ಮೂರು ಮೋರಟಗಿಯ ಹೊಲಗಳಲ್ಲೂ ಇಲ್ಲದಷ್ಟು ಸಾಲುಗಳು ಮೂಡಿದವು.

ಸಾವಿತ್ರವ್ವ ತಟ್ಟನೆ ಎದ್ದು ನಿಂತು ತಲೆತುಂಬ ಸೆರಗೆಳೆದುಕೊಂಡಳು. "ಅಯ್ಯ, ನಮ್ಮ ಮಾವಾರು ಬಂದ್ರಲ್ಲಾ!"

"ಅಲ್ಲ ಆಯಿ, ನಮ್ಮ ಮುತ್ಯಾನ ಅದಾನ!"

ಸೆರಗಿನಡಿಯಿಂದ ಅವಳು ನೋಡಿಯೇ ನೋಡಿದಳು.

"ಹಂಗಾರ ಇದ್ದಿದ್ರ ಇವರೂ ಹಿಂಗ ಆಗ್ತಿದ್ರು," ಎಂದು ಸೆರಗು ಸರಿಸಿ, ಮೆಲ್ಲಗೆ ಕುಳಿತಳು.