ನಾಲ್ಕು ಬೆರಳು ಕಡಿಮೆ

ಕಂಡಿ ಮತ್ತೆ ಮುಚ್ಚಿತ್ತು. ಇದು ಐದನೆಯ ಸಲ.

ಎರ್ವಿನ್ ರಾಥ್‌ಕೆ ಕೈಯಲ್ಲಿದ್ದ ಟೇಪನ್ನು ನೆಲಕ್ಕೆ ಎಸೆದರು. ಊಟಕ್ಕೆಂದು ತಿ. ನರಸೀಪುರಕ್ಕೆ ಹೋಗಿ ಬರುವಷ್ಟರಲ್ಲಿ ಯಾರೋ ಹಸಿ ಗಾರೆ ತುಂಬಿ ಗೋಡೆ ಸಮ ಮಾಡಿದ್ದರು. ಹೊಳೆಯ ನುಣುಪು ಕಲ್ಲಿನಿಂದ ಉಜ್ಜಿ ಮೆರುಗನ್ನೂ ಕೊಟ್ಟಿದ್ದರು. ಸಿಟ್ಟಿನ ನಡುವೆಯೂ ಅವರು ಒಪ್ಪಲೇಬೇಕಾಯಿತು. ಇಡೀ ಮನೆಯಲ್ಲಿ ಇಷ್ಟು ಅಚ್ಚುಕಟ್ಟಾದ ಗಾರೆ ಬೇರೆಲ್ಲೂ ಇರಲಿಲ್ಲ.

ಎಪ್ಪತ್ತೆರಡರ ಈ ಜರ್ಮನ್ ವಾಸ್ತುಶಿಲ್ಪಿ ಜೀವಮಾನವಿಡೀ ಕಾಂಕ್ರೀಟಿನ ಜೊತೆ ಜಗಳವಾಡಿದವರು. ಯುದ್ಧದಲ್ಲಿ ಕುಸಿದಿದ್ದ ತಮ್ಮೂರಿನ ಒಂದು ಬೀದಿಯನ್ನು ಹಳೆಯ ನಕ್ಷೆ ನೋಡಿ ಕಲ್ಲಿಗೆ ಕಲ್ಲು ಜೋಡಿಸಿ ಎಬ್ಬಿಸಿದ್ದರು. ಜೊತೆಯ ವಾಸ್ತುಶಿಲ್ಪಿಗಳು ಬೆನ್ನ ಹಿಂದೆ ನಕ್ಕಿದ್ದರು. ಹಳೆಯ ಮನೆಗಳ ಚರಿತ್ರೆ ಕುರಿತು ನಾಲ್ಕು ಪುಸ್ತಕ ಬರೆದಿದ್ದರು. ಐದನೆಯದು, ಕೊನೆಯದು, ಹೆಮ್ಮಿಗೆಯ ಈ ತೊಟ್ಟಿಮನೆಯ ಮೇಲೆ. ಮನೆಯ ರಿಪೇರಿಯೂ ಅವರದೇ ಉಸ್ತುವಾರಿಯಲ್ಲಿ ನಡೆದಿತ್ತು. ಅವರ ಸಿದ್ಧಾಂತ ಒಂದೇ: ಇದ್ದದ್ದು ಇದ್ದ ಹಾಗೆಯೇ ಇರಬೇಕು. ಕನ್ನಡವನ್ನೂ ಹಳೆಯ ವ್ಯಾಕರಣ ಪುಸ್ತಕದಿಂದ ಕಲಿತಿದ್ದರಿಂದ, ಅವರು ಬೈದರೂ ಆಶೀರ್ವಾದ ಮಾಡಿದಂತೆ ಕೇಳುತ್ತಿತ್ತು.

ಕೊನೆಯ ಅಧ್ಯಾಯ ನಿಂತಿದ್ದೇ ಈ ಕಂಡಿಯ ಮೇಲೆ. ಹಿತ್ತಲ ಗೋಡೆಯಲ್ಲಿ, ಸೊಂಟದೆತ್ತರಕ್ಕೆ, ಅಂಗೈ ಅಗಲದ ತೂತು. ಒಳಗಿನಿಂದ ಹೊರಕ್ಕೆ ಇಳಿಜಾರು. ಗದ್ದೆ ಕಡೆಯ ಗಾಳಿ ಅಡುಗೆಮನೆಗೆ ಬರಲೆಂದು ಕಂಡಿ, ಮಳೆನೀರು ನುಗ್ಗದಿರಲೆಂದು ಇಳಿಜಾರು. ಹಾಗೆಂದು ರಾಥ್‌ಕೆ ಬರೆದಾಗಿತ್ತು. ಅಧ್ಯಾಯಕ್ಕೆ ‘ಮನೆಯ ಉಸಿರು’ ಎಂದು ಹೆಸರನ್ನೂ ಇಟ್ಟಾಗಿತ್ತು. ಶನಿವಾರ ಫೋಟೋ ತೆಗೆಯುವವನು ಬರಲಿದ್ದ. ಕಂಡಿಯೇ ಇಲ್ಲದಿದ್ದರೆ ಹನ್ನೆರಡು ವರ್ಷದ ದುಡಿಮೆ ಮಣ್ಣುಪಾಲು.

ಒಂದು ಅಳತೆ ಮಾತ್ರ ಅವರಿಗೆ ಬಗೆಹರಿದಿರಲಿಲ್ಲ. ಕಂಡಿಯ ಕೆಳಗೆ, ಹೊರಗಡೆ, ಮೊಣಕಾಲಿನೆತ್ತರದಲ್ಲಿ, ತಳಪಾಯದ ಕಲ್ಲು ಗೇಣುದ್ದ ಮುಂದೆ ಚಾಚಿತ್ತು. ಅದರ ಮೇಲೆ ಸವೆದು ನುಣ್ಣಗಾದ ಎರಡು ಗುಳಿಗಳಿದ್ದವು. ದೀಪ ಇಡಲಿಕ್ಕೆ ಎಂದು ಬರೆದುಕೊಂಡಿದ್ದರು. ಆದರೆ ಗುಳಿಯಿಂದ ಕಂಡಿಗೆ ಇದ್ದ ಎತ್ತರ ಒಂದು ಮೊಳಕ್ಕೆ ನಾಲ್ಕು ಬೆರಳು ಕಡಿಮೆ. ಬಾಗಿಲು, ಕಂಬ, ತೊಟ್ಟಿ, ಎಲ್ಲವೂ ಮೊಳದ ಅಳತೆಯಲ್ಲಿ ಕರಾರುವಾಕ್ಕಾಗಿದ್ದ ಮನೆಯಲ್ಲಿ ಕಟ್ಟಿದವನು ಇದೊಂದು ಕಡೆ ಹೇಗೆ ತಪ್ಪಿದ? ಆ ನಾಲ್ಕು ಬೆರಳು ಅವರ ನಿದ್ದೆಗೆಡಿಸಿದ್ದವು.

ಮೊದಲ ಅನುಮಾನ ಮನೆಯೊಡೆಯ ಚಂದ್ರಶೇಖರ್ ಮೇಲೆ. ರಿಪೇರಿ ಮುಗಿದ ಮೇಲೆ ಮನೆಯನ್ನು ಪ್ರವಾಸಿಗರಿಗೆ ತೆರೆಯುವ ಯೋಚನೆ ಅವನದು. ಸಿಮೆಂಟು, ಟೈಲ್ಸು ಎಂದು ಆಗಾಗ ರಾಗ ಎಳೆಯುತ್ತಿದ್ದ.

“ಭಿತ್ತಿಯಲ್ಲಿನ ರಂಧ್ರವನ್ನು ತಾವು ಮುಚ್ಚಿಸಿದಿರೇ?”

ಚಂದ್ರಶೇಖರ್ ಕಣ್ಣು ತಪ್ಪಿಸಿದ. “ನಾನ್ಯಾಕ್ ಮುಚ್ಚಿಸ್ಲಿ ಸಾರ್? ಆದ್ರೂ ಒಂದ್ ತೂತು ಮುಚ್ಕೊಂಡ್ರೆ ಏನ್ ಗಂಟೋಯ್ತದೆ? ಅದೊಂದ್ ಬಿಟ್ಟು ಬೇರೆಲ್ಲ ಬರ್ಕೊಳ್ಳಿ.”

ಕಳ್ಳನ ಮುಖ ಅಂದರೆ ಇದೇ ಎಂದು ರಾಥ್‌ಕೆ ಅಂದುಕೊಂಡರು.

ಆದರೆ ಗಾರೆ ಯಾರದು? ಸುಣ್ಣ ನೆನೆಹಾಕಿ, ಬೆಲ್ಲದ ನೀರು ಬೆರೆಸಿ ಅರೆಯುವುದನ್ನು ಬಲ್ಲವರಿಗಾಗಿ ಅವರು ನಂಜನಗೂಡಿನವರೆಗೂ ಹುಡುಕಿದ್ದರು. ಸಿಕ್ಕಿದ್ದು ಇದೇ ಊರಿನ ಮೇಸ್ತ್ರಿ ದೇವಯ್ಯ ಒಬ್ಬನೇ. ಹಿಂದಿನ ನಾಲ್ಕು ಸಲವೂ ಕಂಡಿ ಬಿಡಿಸಿದವನು ಅವನೇ.

“ಇದು ನಿಮ್ಮ ಕೈಕೆಲಸವಲ್ಲವೇ, ದೇವಯ್ಯನವರೇ?”

ದೇವಯ್ಯ ಮೆರುಗಿನ ಮೇಲೆ ಬೆರಳಾಡಿಸಿದ. “ನನ್ ಕೈ ಅಲ್ಲ ಸಾ. ನಂಗಿಷ್ಟು ನೈಸಾಗಿ ಬರಾಕಿಲ್ಲ.”

“ಹಾಗಾದರೆ ಯಾರದು?”

“ಗಾಳಿ ಬರ್ಲಿ ಅಂತ ಮಾಡಿರೋ ಕಂಡಿ ಅಂತ ಬರ್ದಿದ್ದೀರಂತೆ?”

“ಹೌದು.”

“ಬುಡಿ ಸಾ” ಎಂದವನೇ ದೇವಯ್ಯ ಉಳಿ ತೆಗೆದುಕೊಂಡು ಐದನೆಯ ಸಲ ಬಿಡಿಸಲು ಕೂತ.

ಎಲ್ಲರೂ ಸೇರಿ ತಮ್ಮನ್ನು ಆಟ ಆಡಿಸುತ್ತಿದ್ದಾರೆ ಎಂದು ರಾಥ್‌ಕೆಗೆ ರೇಗಿಹೋಯಿತು. ಊರಿನಲ್ಲಿ ಅವರ ಮುಖ ನೋಡಿ ನಗುತ್ತಿದ್ದವಳು ಪುಟ್ಟಮಾದಮ್ಮ ಒಬ್ಬಳೇ. ಎಂಬತ್ತು ದಾಟಿದ ಮುದುಕಿ, ದೇವಯ್ಯನ ತಾಯಿ. ದಿನಾ ಮಗನಿಗೆ ಬುತ್ತಿ ತಂದು ಹಿತ್ತಲಲ್ಲೇ ಕೂರುತ್ತಿದ್ದಳು. ಒಳಗೆ ಬಂದು ಮನೆ ನೋಡಿ ಎಂದು ಎಷ್ಟು ಕರೆದರೂ ಬಂದಿರಲಿಲ್ಲ.

“ಒರಗಡೆಯಿಂದ ಎಲ್ಲಾ ನೋಡಿವ್ನಿ ಸಾ” ಅನ್ನುತ್ತಿದ್ದಳು.

ಮಾರನೆಯ ದಿನ ರಾಥ್‌ಕೆ ಊಟಕ್ಕೆ ಹೊರಟಂತೆ ಮಾಡಿ, ಬಸ್ಸು ಹತ್ತದೆ, ಹಿತ್ತಲಿನ ಹುಲ್ಲುಮೆದೆಯ ಹಿಂದೆ ನಿಂತರು. ಬಿಸಿಲು ನೆತ್ತಿ ಸುಡುತ್ತಿತ್ತು. ಹೊಟ್ಟೆ ಚುರುಗುಟ್ಟುತ್ತಿತ್ತು. ಈ ವಯಸ್ಸಿನಲ್ಲಿ ಇದೊಂದು ಬಾಕಿ ಇತ್ತು ಎಂದು ತಮ್ಮನ್ನೇ ಬೈದುಕೊಂಡರು.

ಬಂದವಳು ಪುಟ್ಟಮಾದಮ್ಮ. ಬುತ್ತಿ ಕೆಳಗಿಟ್ಟು, ಮಗನ ಬಾಂಡ್ಲಿಯಿಂದ ಗಾರೆ ಬಾಚಿ, ಕಂಡಿಗೆ ತುರುಕತೊಡಗಿದಳು. ಸೆರಗಿನ ಗಂಟು ಬಿಚ್ಚಿದಾಗ ನುಣುಪು ಕಲ್ಲೊಂದು ಹೊರಬಂತು.

ರಾಥ್‌ಕೆಗೆ ತಡೆದುಕೊಳ್ಳಲಾಗಲಿಲ್ಲ. “ತಾಯಿ, ತಾವೇ? ಏಕೆ ಹೀಗೆ ಮಾಡುತ್ತಿದ್ದೀರಿ? ಇದ್ದದ್ದು ಇದ್ದ ಹಾಗೆಯೇ ಇರಬೇಕು. ಇದು ನನ್ನ ಜೀವಮಾನದ ಕೆಲಸ.”

ಮುದುಕಿ ಬೆಚ್ಚಲಿಲ್ಲ. ಅವರನ್ನೊಮ್ಮೆ ನೋಡಿ, ತುರುಕಿದ್ದ ಗಾರೆಯನ್ನು ತಾನೇ ಬಾಚಿ ತೆಗೆದಳು. ಕೈ ಒರೆಸಿಕೊಂಡು ಗೋಡೆಗೆ ಮುಖ ಮಾಡಿ ಕುಕ್ಕರುಗಾಲಲ್ಲಿ ಕೂತಳು. ಮೊಣಕೈ ಎರಡನ್ನೂ ಚಾಚುಕಲ್ಲಿನ ಮೇಲೆ ಊರಿದಳು. ಅವು ಆ ಎರಡು ಗುಳಿಗಳಲ್ಲಿ ಕೂತವು. ಬೆರಳು ಬಾಗಿಸಿ ಬೊಗಸೆ ಒಡ್ಡಿದಳು. ಬೊಗಸೆ ಕಂಡಿಯ ಬಾಯಿಗೆ ಸರಿಯಾಗಿ ನಿಂತಿತು. ಬೆರಳು ಬಾಗಿಸಿದ ಕೈ. ಮೊಳಕ್ಕೆ ನಾಲ್ಕು ಬೆರಳು ಕಡಿಮೆ.

“ಇದ್ದದ್ದು ಇದ್ದಂಗೇ ಇರ್ಬೇಕು ಅಂದ್ರೆ, ಒಳಕ್ಕೋಗಿ ಅಂಬ್ಲಿ ಉಯ್ರಿ ಸಾ” ಎಂದಳು. “ಕೈ ತಾಗಿಸ್ಬ್ಯಾಡಿ, ಮೈಲಿಗೆ ಆಯ್ತದೆ.”